ಮೂರು ದಿನದ ಸಂಗೀತೋತ್ಸವ, ಒಂದು ಗೋಣಿ ಕಸ

ನಮ್ಮ ಊರಿನ ಸಂಗೀತೋತ್ಸವದಲ್ಲಿ ನನಗೆ ಎರಡು ಹುದ್ದೆಗಳಿವೆ. ಒಂದು, ಎರಡನೆಯ ಸಾಲಿನ ಎಡತುದಿಯಲ್ಲಿ ಕುಳಿತು ತಾಳ ಹಾಕುವುದು. ಇನ್ನೊಂದು, ಕಸ. ಮೊದಲನೆಯದಕ್ಕೆ ಯಾರೂ ನನ್ನನ್ನು ನೇಮಿಸಿಲ್ಲ. ಎರಡನೆಯದಕ್ಕೆ ಸಮಿತಿಯ ನಿರ್ಣಯವೇ ಇದೆ. ಕೇರಳದ ಕಾಸರಗೋಡು ಜಿಲ್ಲೆಯ ಪೆರ್ಲದ ಆಸುಪಾಸಿನ ಕನ್ನಡ ಮಾಧ್ಯಮ ಶಾಲೆಯೊಂದರಲ್ಲಿ 31 ವರ್ಷ ಪಾಠ ಮಾಡಿ ನಿವೃತ್ತಳಾದವಳು ನಾನು. ಈಗ ಊರ ಹುಡುಗರ ಬಾಯಲ್ಲಿ ‘ಕಸದ ಟೀಚರ್’. ಬೇಸರವಿಲ್ಲ. ಮೊದಲು ‘ಲೆಕ್ಕದ ಟೀಚರ್’ ಎನ್ನುತ್ತಿದ್ದರು, ಆಗ ಇದಕ್ಕಿಂತ ಹೆಚ್ಚು ದೂರ ಓಡುತ್ತಿದ್ದರು.

ಉತ್ಸವ ದೊಡ್ಡದೇನಲ್ಲ. ಜನವರಿಯ ಕೊನೆಗೋ ಫೆಬ್ರವರಿಯ ಮೊದಲಿಗೋ ಮೂರು ದಿನ, ಶಾಲೆಯ ಅಂಗಳದಲ್ಲಿ ಚಪ್ಪರ, ದಿನಕ್ಕೆ ಮೂರು ಕಛೇರಿ, ಸುಮಾರು 400 ಜನ, ಮಧ್ಯಾಹ್ನ ಊಟ, ಸಂಜೆ ಕಾಫಿ ತಿಂಡಿ. ಕುಂಬಳೆಯಿಂದ ಮುಳ್ಳೇರಿಯದವರೆಗೆ ಸುಗ್ಗಿ ಕಾಲದಲ್ಲಿ ಇಂಥ ಕಾರ್ಯಕ್ರಮಗಳು ಎಷ್ಟೋ ನಡೆಯುತ್ತವೆ. ಹಾಗೆ ನಡೆಸುವವರಲ್ಲಿ ಕೆಲವರು ‘ನಿಮ್ಮಲ್ಲಿ ಕಸವೇ ಕಾಣುವುದಿಲ್ಲವಲ್ಲ, ಹೇಗೆ?’ ಎಂದು ಕೇಳಿದ್ದರಿಂದ ಇದನ್ನು ಬರೆಯುತ್ತಿದ್ದೇನೆ. ಅವರಿಗೆ ನಾನು ಮೊದಲು ಹೇಳುವ ಮಾತು: ಪೊರಕೆಯನ್ನು ಕೊನೆಗೆ ಇಟ್ಟುಕೊಳ್ಳಿ. ಕಸ ಹುಟ್ಟುವುದು ಉತ್ಸವದ ದಿನವಲ್ಲ, ಎರಡು ತಿಂಗಳ ಹಿಂದೆ ಅವಲಕ್ಕಿ ತಿನ್ನುತ್ತ ಮಾಡುವ ಸಮಿತಿ ಸಭೆಯಲ್ಲಿ.

ನಮಗೂ ಇದು ಹುಟ್ಟಿನಿಂದ ಬಂದ ಬುದ್ಧಿಯಲ್ಲ. 2017ರವರೆಗೆ ನಮ್ಮ ಪದ್ಧತಿ ಬಹಳ ಸರಳವಾಗಿತ್ತು. ಮೂರನೆಯ ರಾತ್ರಿ ಮಂಗಳ ಹಾಡಿ, ಕಲಾವಿದರನ್ನು ಕಾರು ಹತ್ತಿಸಿ, ಕಸವನ್ನೆಲ್ಲ ಶಾಲೆಯ ಹಿಂದಿನ ಗುಂಡಿಗೆ ಸುರಿದು ಕಡ್ಡಿ ಗೀರುವುದು. ಆ ವರ್ಷ ಫ್ಲೆಕ್ಸ್ ಬ್ಯಾನರನ್ನೂ ಬೆಂಕಿಗೆ ಎಸೆದರು. ಫ್ಲೆಕ್ಸ್ ಎಂದರೆ ಪಿವಿಸಿ. ಅದು ಉರಿದರೆ ಹೈಡ್ರೋಜನ್ ಕ್ಲೋರೈಡ್, ಡಯಾಕ್ಸಿನ್‌ಗಳಂಥ ವಿಷಗಳು ಏಳುತ್ತವೆ. ಸೋಮವಾರ ಬೆಳಿಗ್ಗೆ ಒಂದನೆಯ ತರಗತಿಯ ಮಕ್ಕಳು ಮೂಗು ಮುಚ್ಚಿಕೊಂಡು ಪ್ರಾರ್ಥನೆಗೆ ನಿಂತರು. ನಮ್ಮದು ಎಣ್ಮಕಜೆ ಪಂಚಾಯತಿ. ಗೇರು ತೋಟಗಳ ಮೇಲೆ 2000ದವರೆಗೂ ವರ್ಷ ವರ್ಷ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಕೀಟನಾಶಕ ಸುರಿಸಿಕೊಂಡು, ಅದರ ಫಲವನ್ನು ಇಂದಿಗೂ ಮನೆಮನೆಯಲ್ಲಿ ಎತ್ತಿ ಆಡಿಸುತ್ತಿರುವ ಊರು. ಗಾಳಿಯಲ್ಲಿ ಬರುವುದು ಏನು ಮಾಡುತ್ತದೆ ಎಂದು ಜಗತ್ತಿನಲ್ಲಿ ಬೇರೆ ಯಾರಿಗೂ ತಿಳಿಯದಿದ್ದರೂ ನಮಗೆ ತಿಳಿದಿರಬೇಕಿತ್ತು. ಕಡ್ಡಿ ಗೀರಿದವರಲ್ಲಿ ನನ್ನ ಶಿಷ್ಯರಿದ್ದರು. ನೋಡುತ್ತ ನಿಂತವರಲ್ಲಿ ನಾನಿದ್ದೆ.

ಒಮ್ಮೆ ಸುರಿದು ಎಣಿಸಿ

ಮರುವರ್ಷ ಸುಡಲು ಬಿಡಲಿಲ್ಲ. ಹನ್ನೊಂದು ಗೋಣಿಗಳು ತುಂಬಿ ವರಾಂಡದಲ್ಲಿ ಸಾಲಾಗಿ ಕುಳಿತವು. ಮರುದಿನ ಅಂಗಳದಲ್ಲಿ ನೀಲಿ ಟಾರ್ಪಾಲು ಹಾಸಿ, ಕೈಗೆ ರಬ್ಬರ್ ಗವಸು, ಮೂಗಿಗೆ ಬೈರಾಸು ಕಟ್ಟಿಕೊಂಡು, ಇಬ್ಬರು ಹಳೆಯ ವಿದ್ಯಾರ್ಥಿಗಳ ಜೊತೆ ಒಂದೊಂದನ್ನೇ ಸುರಿದೆ. ಮೂರನೆಯವನು ನೋಟುಪುಸ್ತಕ ಹಿಡಿದು ದೂರದಲ್ಲಿ ನಿಂತ, ಜಾಣ.

ಮೊದಲ ಆರು ಗೋಣಿ ಕಸವೇ ಅಲ್ಲ. ಬಾಳೆ ಎಲೆ, ಅನ್ನ, ಗುಜ್ಜೆ ಪಲ್ಯ. ಹಟ್ಟಿಗೋ ಗೊಬ್ಬರದ ಗುಂಡಿಗೋ ಹೋಗಬೇಕಾದದ್ದು, ನಡುವೆ ನಾಲ್ಕು ಪ್ಲಾಸ್ಟಿಕ್ ಚಮಚ ಬಿದ್ದ ಕಾರಣಕ್ಕೆ ಜಾತಿ ಕೆಟ್ಟು ಕಸವಾಗಿತ್ತು. ಮತ್ತೆ ನಾಲ್ಕು ಗೋಣಿಯಲ್ಲಿ ಬರೀ ಅಂಗೈಯಗಲದ ನೀರಿನ ಬಾಟಲಿ ಮತ್ತು ಕಾಗದದ ಲೋಟ. ಬಾಟಲಿಗಳು 612. ಅರ್ಧಕ್ಕರ್ಧ ಬಾಟಲಿಗಳಲ್ಲಿ ನೀರು ಹಾಗೆಯೇ ಇತ್ತು. ಮುಚ್ಚಳ ತಿರುಗಿಸಿ ಬಕೆಟ್ಟಿಗೆ ಸುರಿಯುತ್ತ ಹೋದಾಗ ನಾಲ್ಕು ಬಕೆಟ್ ತುಂಬಿತು. ಫೆಬ್ರವರಿಯಲ್ಲಿ ಬಾವಿಯ ತಳ ಕಾಣುವ ಊರಿನಲ್ಲಿ ನಾಲ್ಕು ಬಕೆಟ್ ನೀರನ್ನು ಎಲ್ಲಿಂದಲೋ ಲಾರಿಯಲ್ಲಿ ತರಿಸಿ, ಮುಚ್ಚಳ ಹಾಕಿ, ಎಸೆದಿದ್ದೆವು. ಕೊನೆಯ ಒಂದು ಗೋಣಿಯಲ್ಲಿ ಉಳಿದದ್ದೆಲ್ಲ: ಹಾಲಿನ ಪ್ಯಾಕೆಟ್, ಗುಟ್ಕಾ ಚೀಟಿ, ಮಾತ್ರೆಯ ಪಟ್ಟಿ, ಹೂಗುಚ್ಛಕ್ಕೆ ಸುತ್ತಿದ ಹೊಳೆಯುವ ಹಾಳೆ. ವೇದಿಕೆಗೆ ಅಂಟಿಸಿದ್ದ ಥರ್ಮೋಕೋಲಿನ ‘ಸ್ವಾಗತ’ ಮುರಿದು ಹೋಗಿತ್ತು. ‘ಸ್ವಾ’ ಎಲ್ಲೂ ಸಿಗಲಿಲ್ಲ; ‘ಗತ’ ಮಾತ್ರ ಇತ್ತು.

ನೀವು ನಡೆಸುವ ಕಾರ್ಯಕ್ರಮಕ್ಕೂ ಈ ಕೆಲಸವನ್ನು ಒಮ್ಮೆ ಮಾಡಿ. ಅಸಹ್ಯವೆನಿಸುತ್ತದೆ, ಎರಡು ತಾಸು ಹಿಡಿಯುತ್ತದೆ, ಆದರೆ ಹತ್ತು ಭಾಷಣ ಮಾಡದ ಕೆಲಸವನ್ನು ಮಾಡುತ್ತದೆ. ಎಲೆ ಬೇರೆ ಹೋದರೆ, ಬಾಟಲಿ ಮತ್ತು ಲೋಟ ಗೇಟಿನೊಳಗೇ ಬರದಿದ್ದರೆ, ನಮ್ಮಲ್ಲಿ ಉಳಿಯುವುದು ಒಂದೇ ಗೋಣಿ ಎಂದು ಗೊತ್ತಾದದ್ದು ಆ ಟಾರ್ಪಾಲಿನ ಮೇಲೆ.

ಎಲೆ, ಲೋಟ, ನೀರು

ಊಟದಿಂದ ಆರಂಭಿಸುತ್ತೇನೆ, ಏಕೆಂದರೆ ಜಗಳ ಹೆಚ್ಚು ನಡೆಯುವುದು ಅಲ್ಲಿ.

ಅಡಿಕೆಯ ನಾಡಿನಲ್ಲಿ ಎಲ್ಲರ ಮೊದಲ ಸಲಹೆ ಅಡಿಕೆ ಹಾಳೆಯ ತಟ್ಟೆ. ನಾನೂ ಒಂದು ವರ್ಷ ಒಪ್ಪಿದೆ. ಹಾಳೆ ತಟ್ಟೆ ಪ್ಲಾಸ್ಟಿಕಿಗಿಂತ ಸಾವಿರ ಪಾಲು ಮೇಲು, ನಿಜ. ಆದರೆ ಅದು ದಪ್ಪ. ನಮ್ಮ ಗುಂಡಿಯಲ್ಲಿ ಮಳೆಗಾಲ ಮುಗಿದರೂ ತಟ್ಟೆಯ ಅಂಚು ಅಂಚಾಗಿಯೇ ಉಳಿದಿತ್ತು. 2025ರಲ್ಲಿ ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು ಅಡಿಕೆಯಲ್ಲಿರುವ ರಾಸಾಯನಿಕಗಳು ಊಟಕ್ಕೆ ಇಳಿಯಬಹುದೆಂದು ಹಾಳೆ ತಟ್ಟೆಗಳ ಆಮದಿಗೆ ತಡೆ ಹಾಕಿದ ಮೇಲೆ ನಮ್ಮ ಸಭೆಯಲ್ಲಿ ಅದೂ ಚರ್ಚೆಯಾಯಿತು. ತಲೆತಲಾಂತರದಿಂದ ಹಾಳೆಯಲ್ಲಿ ಉಂಡವರ ಮಕ್ಕಳಿಗೆ ಸಿಟ್ಟು ಬಂದದ್ದು ಸಹಜ. ನನಗೆ ಆ ವಾದದಲ್ಲಿ ಬೀಳುವ ಅಗತ್ಯ ಬರಲಿಲ್ಲ, ಏಕೆಂದರೆ ಅಷ್ಟರಲ್ಲಿ ನಾವು ಬಾಳೆ ಎಲೆಗೆ ಮರಳಿಯಾಗಿತ್ತು. ಉಂಡ ಎಲೆ ಸಂಜೆಯೊಳಗೆ ಹಸುವಿನ ಹೊಟ್ಟೆಯಲ್ಲಿ. ಅದಕ್ಕಿಂತ ಚಿಕ್ಕ ದಾರಿ ನನಗೆ ಗೊತ್ತಿಲ್ಲ.

ಹಸುವಿಗೆ ಹೋಗಬೇಕಾದರೆ ಎಲೆಯಲ್ಲಿ ಬೇರೇನೂ ಇರಬಾರದು. ಅದಕ್ಕಾಗಿ ಉಪ್ಪಿನಕಾಯಿಯ ಸ್ಯಾಷೆ, ಪಾಯಸದ ಪ್ಲಾಸ್ಟಿಕ್ ಬಟ್ಟಲು, ಟಿಶ್ಯೂ ಕಾಗದ, ಹಲ್ಲುಕಡ್ಡಿ, ಈ ನಾಲ್ಕನ್ನು ಖರೀದಿ ಪಟ್ಟಿಯಿಂದಲೇ ಹೊಡೆದು ಹಾಕಿ. ಪಾಯಸ ಎಲೆಗೇ. ಎಲೆಯ ಮೇಲೆ ಪಾಯಸ ಉಣ್ಣಲು ಬಾರದವರು ಕಲಿಯಲಿ. ಸಾವೇರಿ ರಾಗ ಬಾರದವರೂ ಕೇಳಿ ಕೇಳಿ ಕಲಿಯುತ್ತಾರಷ್ಟೆ. ಬಫೆ ಬೇಡ, ಪಂಕ್ತಿ ಸಾಕು. ಬಫೆಯಲ್ಲಿ ಕಣ್ಣು ಬಡಿಸಿಕೊಳ್ಳುತ್ತದೆ, ಪಂಕ್ತಿಯಲ್ಲಿ ಬಡಿಸುವವರ ಕೈ ಬಡಿಸುತ್ತದೆ. ನಮ್ಮ ಬಡಿಸುವ ಹುಡುಗರಿಗೆ ಒಂದೇ ಸೂಚನೆ: ಮೊದಲ ಸುತ್ತು ಅರ್ಧ ಸೌಟು, ಎರಡನೆಯ ಸುತ್ತು ಕೇಳಿದಷ್ಟು.

ಅಡುಗೆಯವರ ಲೆಕ್ಕವನ್ನು ನಂಬಬೇಡಿ. 400 ಎಂದರೆ ಅವರು 500ಕ್ಕೆ ಅಕ್ಕಿ ತೊಳೆಯುತ್ತಾರೆ. ಕಡಿಮೆಯಾದರೆ ಮಾನ ಹೋಗುವುದು ಅವರದ್ದಲ್ಲವೇ? ಬೆಳಿಗ್ಗೆಯ ಕಛೇರಿಯ ಮಧ್ಯೆ ಊಟದ ಚೀಟಿ ಹಂಚಿ. ಹಂಚಿದ ಚೀಟಿಯ ಲೆಕ್ಕ 11 ಗಂಟೆಯೊಳಗೆ ಅಡುಗೆ ಮನೆಗೆ ಹೋಗಲಿ. ಅನ್ನವನ್ನು ಒಂದೇ ಸಲ ಬಸಿಯದೆ ಎರಡು ಕಂತಿನಲ್ಲಿ ಮಾಡಲು ಹೇಳಿ. ಹುಳಿ, ಸಾರು ಉಳಿದರೆ ನಾಲ್ಕು ಮನೆಗೆ ಪಾತ್ರೆಯಲ್ಲಿ ಹೋಗುತ್ತದೆ. ಬೆಂದ ಅನ್ನ ಉಳಿದರೆ ಯಾರ ಮನೆಗೂ ಬೇಡ.

ಇನ್ನು ಲೋಟ. ಕಾಗದದ ಲೋಟ ಕಾಗದವಲ್ಲ ಎಂದು ನಾನು ಎಷ್ಟು ಸಲ ಹೇಳಿದರೂ ಪ್ರತಿ ವರ್ಷ ಒಬ್ಬರಾದರೂ ‘ಅದು ಕರಗುತ್ತದಲ್ಲ ಟೀಚರ್’ ಎನ್ನುತ್ತಾರೆ. ಒಳಮೈಗೆ ತೆಳುವಾದ ಪಾಲಿಥೀನ್ ಹಚ್ಚದೆ ಕಾಗದದಲ್ಲಿ ಬಿಸಿ ಕಾಫಿ ನಿಲ್ಲುವುದಿಲ್ಲ. ಒಂದು ಲೋಟವನ್ನು ರಾತ್ರಿ ನೀರಿನಲ್ಲಿ ನೆನೆಹಾಕಿ, ಬೆಳಿಗ್ಗೆ ಉಗುರಿನಿಂದ ಕೆರೆಯಿರಿ. ಕಾಗದ ಮುದ್ದೆಯಾಗಿ ಬಿದ್ದು, ಕೈಯಲ್ಲಿ ಹಾವಿನ ಪೊರೆಯಂಥದೊಂದು ಪಾರದರ್ಶಕ ಹಾಳೆ ಉಳಿಯುತ್ತದೆ. ನಾನು ಆ ಪೊರೆಯನ್ನೇ ಸಭೆಗೆ ಒಯ್ದು ಮೇಜಿನ ಮೇಲೆ ಇಟ್ಟೆ. ಮತ್ತೆ ಮತ ಹಾಕಿಸುವ ಅಗತ್ಯ ಬೀಳಲಿಲ್ಲ. ಹೇಗೂ ಕೇರಳದಲ್ಲಿ 2020ರ ಜನವರಿ 1ರಿಂದ ಒಮ್ಮೆ ಬಳಸಿ ಎಸೆಯುವ ಪ್ಲಾಸ್ಟಿಕಿಗೆ ನಿಷೇಧವಿದೆ.

ನಾವು 450 ಸ್ಟೀಲ್ ಲೋಟ ಕೊಂಡೆವು. ದಾನಿಗಳ ಹೆಸರು ಕೆತ್ತಿಸುವುದಾದರೆ ಲೋಟ ಬೇಗ ಬರುತ್ತದೆ, ಇದು ನನ್ನ ಅನುಭವ. ಈಗ ಮದುವೆ, ಗೃಹಪ್ರವೇಶ, ಭಜನೆಗೆಲ್ಲ ಊರವರು ಒಯ್ಯುತ್ತಾರೆ. ಒಂದು ಲೋಟ ಕಳೆದರೆ ಒಂದು ಲೋಟ ತಂದುಕೊಡಬೇಕು, ಹಣ ತೆಗೆದುಕೊಳ್ಳುವುದಿಲ್ಲ.

ತೊಳೆಯಲು ನೀರು ಎಲ್ಲಿಂದ ಎಂಬುದು ನ್ಯಾಯವಾದ ಪ್ರಶ್ನೆ. ನಲ್ಲಿಯ ಅಡಿಯಲ್ಲಿ ಹುಡುಗರು ಹತ್ತು ಲೋಟ ತೊಳೆಯುವಾಗ ಕೆಳಗೆ ಬಕೆಟ್ ಇಟ್ಟು ಅಳೆದೆ: ಒಂದು ಬಕೆಟ್ ತುಂಬಿ ಹರಿಯಿತು. ಮೂರು ತೊಟ್ಟಿ ಇಟ್ಟು ನೋಡಿದಾಗ ಅದೇ ನೀರಿನಲ್ಲಿ 50 ಲೋಟ. ಮೊದಲ ತೊಟ್ಟಿಯಲ್ಲಿ ಎಂಜಲು ಹೋಗಬೇಕು, ಎರಡನೆಯದರಲ್ಲಿ ಅಂಟುವಾಳದ ನೊರೆ, ಮೂರನೆಯದರಲ್ಲಿ ಕುದಿಯುವಷ್ಟು ಬಿಸಿ ನೀರು, ಆಮೇಲೆ ಬಿಸಿಲಿಗೆ ಬೋರಲು. ಮೊದಲ ತೊಟ್ಟಿ ಕೊಳೆಯಾದಾಗ ಅದನ್ನು ಬಾಳೆಯ ಬುಡಕ್ಕೆ ಚೆಲ್ಲಿ, ಎರಡನೆಯದನ್ನು ಮೊದಲನೆಯ ಸ್ಥಾನಕ್ಕೆ ಸರಿಸಿ. ಸೋಪಿನ ಪುಡಿ ಬಳಸಿದರೆ ಬಾಳೆಯ ಬುಡಕ್ಕೆ ಹಾಗೆ ಧೈರ್ಯವಾಗಿ ಚೆಲ್ಲಲಾಗುವುದಿಲ್ಲ. ನಮಗೆ ನೀರು ಪಕ್ಕದ ತೋಟದ ಸುರಂಗದಿಂದ ಬರುತ್ತದೆ. ಮುರಕಲ್ಲಿನ ಗುಡ್ಡಕ್ಕೆ ಅಡ್ಡಲಾಗಿ ಕೊರೆದ ಹಳೆಯ ಸುರಂಗ. ಪಂಪಿಲ್ಲ, ಕರೆಂಟಿಲ್ಲ, ಇಳಿಜಾರಿಗೆ ಪೈಪು ಎಳೆದರೆ ಸಾಕು. ಆದರೆ ಅದರದ್ದು ಬೆರಳು ಗಾತ್ರದ ಧಾರೆ, ಹಿಂದಿನ ರಾತ್ರಿಯೇ ಟ್ಯಾಂಕ್ ತುಂಬಿಸಿಡಬೇಕು. ಆ ಧಾರೆಯನ್ನು ನೋಡಿದವರು ನಲ್ಲಿ ತೆರೆದಿಟ್ಟು ಮಾತಾಡುತ್ತ ನಿಲ್ಲುವುದಿಲ್ಲ.

ಕುಡಿಯಲು ತಾಮ್ರದ ಹಂಡೆಗಳಲ್ಲಿ ಲಾವಂಚ ಹಾಕಿ ಕುದಿಸಿ ಆರಿಸಿದ ನೀರು, ಮಧ್ಯಾಹ್ನ ಮಜ್ಜಿಗೆ ನೀರು. ಚಪ್ಪರದ ನಾಲ್ಕೂ ಮೂಲೆಗೆ ಹಂಡೆ ಇಡಿ. ದೂರವಾದರೆ ಜನ ಅಂಗಡಿಗೆ ಹೋಗಿ ಬಾಟಲಿ ಕೊಳ್ಳುತ್ತಾರೆ. ವೇದಿಕೆಯ ಮೇಲಂತೂ ಬಾಟಲಿ ಇರಲೇಬಾರದು, ಏಕೆಂದರೆ ಮರುದಿನದ ಪತ್ರಿಕೆಯ ಫೋಟೋದಲ್ಲಿ ತಂಬೂರಿಯ ಪಕ್ಕ ಕಾಣುವುದು ಅದೇ. ಹಾಡುವವರಲ್ಲಿ ಅನೇಕರಿಗೆ ಹೇಗೂ ಬೇಕಾದದ್ದು ಬಿಸಿ ನೀರು, ಫ್ಲಾಸ್ಕು ತಂದಿಡಿ. ‘ನಮ್ಮಲ್ಲಿ ಬಾಟಲಿ ಇಡುವುದಿಲ್ಲ’ ಎಂದು ಕಲಾವಿದರಿಗೆ ಮುಂಚೆಯೇ ಒಂದು ಸಾಲು ಬರೆದರೆ ಯಾರೂ ಬೇಸರಿಸುವುದಿಲ್ಲ.

ವೇಳಾಪಟ್ಟಿ ತಿದ್ದಿದರೆ ಅರ್ಧ ಕೆಲಸ ಮುಗಿಯಿತು

ಬಾಟಲಿ, ಲೋಟ ಎಂದು ಮೂರು ವರ್ಷ ಓಡಾಡಿದ ಮೇಲೆ ಕಣ್ಣಿಗೆ ಕಾಣದ ಲೆಕ್ಕ ನೆನಪಾಯಿತು. ಲೆಕ್ಕದ ಟೀಚರಿಗೆ ಇದು ನಾಚಿಕೆಯ ವಿಷಯ.

ಒಂದು ಸಂಜೆ ಮೈದಾನದಲ್ಲಿ ನಿಂತ ಕಾರುಗಳನ್ನು ಎಣಿಸಿದೆ: 60. ಪ್ರತಿ ಕಾರು ಬಂದು ಹೋಗಲು 40 ಕಿ.ಮೀ. ಎಂದಿಟ್ಟುಕೊಳ್ಳಿ, ಲೀಟರಿಗೆ 15 ಕಿ.ಮೀ. ಓಡುತ್ತದೆ ಎಂದಿಟ್ಟುಕೊಳ್ಳಿ. ದಿನಕ್ಕೆ 160 ಲೀಟರ್, ಮೂರು ದಿನಕ್ಕೆ 480 ಲೀಟರ್ ಪೆಟ್ರೋಲು. ಒಂದು ಲೀಟರ್ ಪೆಟ್ರೋಲು ಉರಿದರೆ ಸುಮಾರು 2.3 ಕಿಲೋ ಇಂಗಾಲದ ಡೈಆಕ್ಸೈಡ್. ಒಟ್ಟು 1,100 ಕಿಲೋ. ನಾವು ಬೈಯುತ್ತಿದ್ದ ಜನರೇಟರ್ ಮೂರು ಸಂಜೆಗೆ 120 ಲೀಟರ್ ಡೀಸೆಲ್ ಕುಡಿಯುತ್ತಿತ್ತು. ಲೀಟರಿಗೆ ಸುಮಾರು 2.7 ಕಿಲೋ ಹಿಡಿದರೆ 324. ಗಡಗಡ ಸದ್ದು ಮಾಡುವುದರ ಮೂರು ಪಟ್ಟಿಗಿಂತ ಹೆಚ್ಚು ಹೊಗೆಯನ್ನು ಮರದ ನೆರಳಲ್ಲಿ ಸುಮ್ಮನೆ ನಿಂತವು ಬಿಟ್ಟಿದ್ದವು. ಬ್ರಿಟನ್ನಿನ ಸಂಗೀತ ಮೇಳಗಳ ಲೆಕ್ಕ ತೆಗೆದವರು ಹೇಳುವುದೂ ಇದನ್ನೇ: ಸಿಂಹಪಾಲು ವೇದಿಕೆಯದ್ದಲ್ಲ, ಕೇಳಲು ಬರುವವರ ಪ್ರಯಾಣದ್ದು. ಗ್ಲಾಸ್ಟನ್‌ಬರಿ ಮೇಳ 2019ರಲ್ಲಿ ಪ್ಲಾಸ್ಟಿಕ್ ಬಾಟಲಿಯ ನೀರು ಮಾರುವುದನ್ನು ನಿಲ್ಲಿಸಿದ್ದು ದೊಡ್ಡ ಸುದ್ದಿಯಾಯಿತು. ಅಲ್ಲಿಗೆ ಜನ ಹೇಗೆ ಬರುತ್ತಾರೆ ಎಂಬುದು ಅಷ್ಟು ಸುದ್ದಿಯಾಗಲಿಲ್ಲ. ಬಾಟಲಿಯ ಫೋಟೋ ತೆಗೆಯಬಹುದು, ಹೊಗೆಯದ್ದು ಕಷ್ಟ.

ಜನ ಕಾರಿನಲ್ಲಿ ಏಕೆ ಬರುತ್ತಿದ್ದರು? ಮುಖ್ಯ ಕಛೇರಿ ರಾತ್ರಿ 7ಕ್ಕೆ ಆರಂಭವಾಗಿ 10 ಗಂಟೆಗೆ ಮುಗಿಯುತ್ತಿತ್ತು. ಅಷ್ಟರಲ್ಲಿ ನಮ್ಮ ದಾರಿಯ ಕೊನೆಯ ಬಸ್ಸು ಹೋಗಿ ಎಷ್ಟೋ ಹೊತ್ತಾಗಿರುತ್ತಿತ್ತು. ಬಸ್ಸಿನಲ್ಲಿ ಬನ್ನಿ ಎಂದು ಆಮಂತ್ರಣದಲ್ಲಿ ಅಚ್ಚು ಹಾಕಿಸಿದರೆ ಜನ ನಗುತ್ತಾರೆ. ಬಸ್ಸಿನ ಸಮಯ ಬದಲಿಸಲು ನಮಗೆ ಆಗುವುದಿಲ್ಲ. ಕಛೇರಿಯ ಸಮಯ ಬದಲಿಸಬಹುದು. ಈಗ ಬೆಳಿಗ್ಗೆ 9.30ಕ್ಕೆ ಆರಂಭ, ಮುಖ್ಯ ಕಛೇರಿ ಮಧ್ಯಾಹ್ನ 3.30ಕ್ಕೆ, 6.15ಕ್ಕೆ ಮಂಗಳ. ಕಾಸರಗೋಡಿನ ಕಡೆಗೆ, ಪುತ್ತೂರಿನ ಕಡೆಗೆ ಎರಡಕ್ಕೂ ಬಸ್ಸು ಸಿಗುತ್ತದೆ. ಬಸ್ಸಿನ ವೇಳೆಯನ್ನು ಆಮಂತ್ರಣದ ಹಿಂಬದಿಯಲ್ಲಿ ಕನ್ನಡ, ಮಲಯಾಳ ಎರಡರಲ್ಲೂ ಅಚ್ಚು ಹಾಕಿಸಿದ್ದೇವೆ.

ಈ ಒಂದು ಬದಲಾವಣೆಯಿಂದ ಬೇರೆ ಎಷ್ಟೋ ಗಂಟುಗಳು ತಾವಾಗಿಯೇ ಬಿಚ್ಚಿಕೊಂಡವು. ರಾತ್ರಿ ಊಟ ಇಲ್ಲವಾಯಿತು. ದೀಪದ ಖರ್ಚು ಇಳಿಯಿತು. ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಬಯಲಿನಲ್ಲಿ ಧ್ವನಿವರ್ಧಕ ಹಾಕಬಾರದೆಂಬ 2000ದ ನಿಯಮಕ್ಕೆ ಗಡಿಯಾರ ನೋಡುತ್ತ ಹೆದರುವುದು ತಪ್ಪಿತು. ‘ಮಧ್ಯಾಹ್ನ ಹಾಡಿದರೆ ಕಳೆ ಕಟ್ಟುವುದಿಲ್ಲ’ ಎಂದು ಇಬ್ಬರು ಹಿರಿಯರು ಮುನಿಸಿಕೊಂಡರು. ವಸಂತ ರಾಗವನ್ನು ಸಂಜೆ 5.30ಕ್ಕೆ, ಅಡಿಕೆ ತೋಟದ ಮೇಲೆ ಬಿಸಿಲು ಹಳದಿಯಾಗುವ ಹೊತ್ತಿಗೆ ಕೇಳಿದ ಮೇಲೆ ಅವರಲ್ಲಿ ಒಬ್ಬರು ಮತ್ತೆ ಆ ಮಾತೆತ್ತಲಿಲ್ಲ. ಇನ್ನೊಬ್ಬರು ಈಗಲೂ ಎತ್ತುತ್ತಾರೆ.

ಕಲಾವಿದರ ಪ್ರಯಾಣಕ್ಕೂ ಸ್ವಲ್ಪ ತಲೆ ಓಡಿಸಿ. ಚೆನ್ನೈಯಿಂದ ಬರುವವರಿಗೆ ಮಂಗಳೂರು ಮೇಲ್ ರೈಲು ಕಾಸರಗೋಡಿನಲ್ಲಿ ನಿಲ್ಲುತ್ತದೆ, ಬೆಂಗಳೂರಿನಿಂದ ಕಣ್ಣೂರಿಗೆ ಹೋಗುವ ರಾತ್ರಿ ರೈಲೂ ನಿಲ್ಲುತ್ತದೆ. ಟಿಕೆಟ್ಟನ್ನು ಎರಡು ತಿಂಗಳ ಹಿಂದೆ ತೆಗೆದರೆ ವಿಮಾನದ ಮಾತೇ ಬರುವುದಿಲ್ಲ. ತಡ ಮಾಡಿದವರೇ ವಿಮಾನ ಹತ್ತಿಸುವುದು. ಹತ್ತಿರದ ಊರಿನ ಸಂಗೀತ ಸಭೆಗಳೊಡನೆ ಮಾತಾಡಿಕೊಂಡರೆ ಒಂದೇ ಪ್ರಯಾಣದಲ್ಲಿ ಎರಡು ಮೂರು ಕಛೇರಿ ಮುಗಿಯುತ್ತವೆ. ಹಾಡುವವರಿಗೂ ಸಂತೋಷ, ಖಜಾಂಚಿಗೂ ಸಂತೋಷ.

ಸದ್ದು, ಬೆಳಕು, ನೆರಳು

ಧ್ವನಿವರ್ಧಕದವರು ಬಂದೊಡನೆ ಕೇಳುವುದು ‘ಎಷ್ಟು ವಾಟ್ ಬೇಕು?’ ಎಂದು. ನೀವು ಕೇಳಬೇಕಾದದ್ದು ‘ಕೊನೆಯ ಸಾಲು ಎಷ್ಟು ದೂರ?’ ಎಂದು. ಬಯಲಿನಲ್ಲಿ ದೂರ ಇಮ್ಮಡಿಯಾದರೆ ಸದ್ದು ಸುಮಾರು 6 ಡೆಸಿಬೆಲ್ ಇಳಿಯುತ್ತದೆ. ಬರೀ 3 ಡೆಸಿಬೆಲ್ ಏರಿಸಲು ಆಂಪ್ಲಿಫೈಯರಿನ ಶಕ್ತಿ ಇಮ್ಮಡಿ ಬೇಕು. ಹಾಗಾಗಿ ಕೊನೆಯವರಿಗೆ ಕೇಳಿಸಲೆಂದು ಮುಂದಿನ ಪೆಟ್ಟಿಗೆಯನ್ನು ಏರಿಸುತ್ತ ಹೋಗುವುದು ಮೊದಲ ಸಾಲಿನವರ ಕಿವಿಗೂ ಡೀಸೆಲಿಗೂ ನಷ್ಟ. ಮುಂದೆ ಎರಡು ಚಿಕ್ಕ ಸ್ಪೀಕರ್, 20 ಮೀಟರ್ ಹಿಂದೆ ಇನ್ನೆರಡು ಚಿಕ್ಕವು ಸಾಕು. ಹಿಂದಿನವುಗಳನ್ನು ಸುಮಾರು 60 ಮಿಲಿಸೆಕೆಂಡ್ ತಡ ಮಾಡಿಸಿ. ಇಲ್ಲದಿದ್ದರೆ ಹಿಂದೆ ಕುಳಿತವರಿಗೆ ಮೃದಂಗದ ಪ್ರತಿ ಪೆಟ್ಟೂ ಎರಡೆರಡಾಗಿ ಬೀಳುತ್ತದೆ, ಮೃದಂಗವೇ ಮುಂದಾಗಿ ನುಡಿಯುವ ತನಿ ಆವರ್ತನದಲ್ಲಿ ತಾಳ ಹಾಕುವ ನನ್ನಂಥವರು ದಾರಿ ತಪ್ಪುತ್ತೇವೆ.

ಜನರೇಟರನ್ನು ಬಿಟ್ಟು ಕೇರಳದ ವಿದ್ಯುತ್ ಮಂಡಳಿ ಕೆ.ಎಸ್.ಇ.ಬಿ.ಯಿಂದ ತಾತ್ಕಾಲಿಕ ಸಂಪರ್ಕ ತೆಗೆದುಕೊಳ್ಳಿ, ಕರೆಂಟು ಹೋದರೆಂದು ಒಂದು ಚಿಕ್ಕ ಜನರೇಟರ್ ಇರಲಿ. ಚಿಕ್ಕದು ಎಂಬುದು ಮುಖ್ಯ. ಬಾಡಿಗೆಯವರು ತಮ್ಮಲ್ಲಿರುವ ದೊಡ್ಡದನ್ನೇ ತಂದು ನಿಲ್ಲಿಸುತ್ತಾರೆ, ಅದು ಕಾಲು ಹೊರೆಯಲ್ಲಿ ಓಡುತ್ತ ಡೀಸೆಲ್ ಕುಡಿದು ಕಪ್ಪು ಹೊಗೆ ಉಗುಳುತ್ತದೆ. ವೇದಿಕೆಯ ಮೇಲಿನ ಎಂಟು ಹ್ಯಾಲೊಜನ್ ದೀಪಗಳು ತಲಾ 1,000 ವಾಟ್ ಇದ್ದವು. ಅವುಗಳ ಜಾಗಕ್ಕೆ ತಲಾ 100 ವಾಟಿನ ಎಲ್‌ಇಡಿ ಹಾಕಿದೆವು. 8,000 ವಾಟ್ 800ಕ್ಕೆ ಇಳಿಯಿತು. ವೀಣೆಯವರು ಬೆವರುವುದು ನಿಂತು ತಂತಿಯ ಶ್ರುತಿಯೂ ಸ್ಥಿರವಾಯಿತು.

ಹಗಲಿನ ಕಛೇರಿಗೆ ತಂಪು ಬೇಕು. ತಗಡಿನ ಚಪ್ಪರ ಫೆಬ್ರವರಿಯಲ್ಲಿ ಒಲೆ. ನಾವು ಹೆಣೆದ ತೆಂಗಿನ ಮಡಲಿಗೆ ಮರಳಿದೆವು, ಅಡಿಕೆ ಮರದ ಕಂಬ, ಬಿದಿರಿನ ಅಡ್ಡಪಟ್ಟಿ. ಅಡುಗೆ ಮನೆಯಿಂದ ದೂರವಿರಲಿ, ಮೂಲೆಗೊಂದು ಮರಳಿನ ಬಕೆಟ್ ಇರಲಿ. ಹೆಣೆಯುವವರು ಈಗ ಊರಿನಲ್ಲಿ ಮೂವರೇ ಉಳಿದಿದ್ದಾರೆ, ಡಿಸೆಂಬರಿನಲ್ಲೇ ಹೇಳಿಡಬೇಕು. ಉತ್ಸವ ಮುಗಿದ ಮೇಲೆ ಮಡಲು ಎರೆಗೊಬ್ಬರದ ತೊಟ್ಟಿಗೆ. ತೆಂಗಿನ ಗರಿಯನ್ನು ಎರೆಹುಳುವಿಗೆ ಉಣಿಸಿ ಗೊಬ್ಬರ ಮಾಡುವ ವಿಧಾನವನ್ನು ಕಾಸರಗೋಡಿನ ಕೇಂದ್ರೀಯ ತೋಟಗಾರಿಕಾ ಬೆಳೆಗಳ ಸಂಶೋಧನಾ ಸಂಸ್ಥೆಯೇ ರೂಪಿಸಿದೆ. ಪ್ಲಾಸ್ಟಿಕ್ ಕುರ್ಚಿಯ ಬಗ್ಗೆ ನನಗೆ ತಕರಾರಿಲ್ಲ. ಬಾಡಿಗೆಯ ಕುರ್ಚಿ ವರ್ಷಕ್ಕೆ ನೂರು ಮದುವೆ ನೋಡುತ್ತದೆ. ಒಂದು ದಿನಕ್ಕೆ ಹಾಸಿ ಎಸೆಯುವ ಕೆಂಪು ನೆಲಹಾಸಿನ ಬಗ್ಗೆ ಇದೆ.

ಅಲಂಕಾರಕ್ಕೆ ತೆಂಗಿನ ಸಿರಿ ಚೆಂದ, ಆದರೆ ಅದು ಮರದ ನೆತ್ತಿಯ ಎಳೆಗರಿ. ಒಂದೇ ಮರದಿಂದ ಕಡಿದರೆ ಮರ ಸೊರಗುತ್ತದೆ. ಕಡಿಯಲೆಂದು ಗುರುತು ಹಾಕಿದ ಮರ ಯಾರ ತೋಟದಲ್ಲಿದೆ ಎಂದು ವಿಚಾರಿಸಿ. ಮೈದಾನದ ಹುಲ್ಲಿಗೆ ಕಳೆನಾಶಕ ಹೊಡೆಯೋಣ ಎಂದು ಒಬ್ಬ ಉತ್ಸಾಹಿ ಒಂದು ವರ್ಷ ಸೂಚಿಸಿದ. ಈ ಪಂಚಾಯತಿಯಲ್ಲಿ. ಸಭೆಯಲ್ಲಿ ಒಂದು ನಿಮಿಷ ಯಾರೂ ಮಾತಾಡಲಿಲ್ಲ. ಮರುದಿನ ಕತ್ತಿ ಹಿಡಿದು ಹನ್ನೆರಡು ಮಂದಿ ಬಂದರು, ಅವನೂ ಬಂದ.

ಬ್ಯಾನರಿಗೆ ಇಸವಿ ಬೇಡ

ಬಟ್ಟೆಯ ಬ್ಯಾನರನ್ನು ಕೈಯಲ್ಲಿ ಬರೆಸಿ. ಅದರಲ್ಲಿ ಇಸವಿಯನ್ನೂ ‘ಇಷ್ಟನೆಯ ವಾರ್ಷಿಕ’ ಎಂಬುದನ್ನೂ ಬರೆಸಬೇಡಿ. ಅವೆರಡು ಇಲ್ಲದಿದ್ದರೆ ಬ್ಯಾನರ್ ಮುದಿಯಾಗುವುದಿಲ್ಲ. ನಮ್ಮದು ಆರು ವರ್ಷ ಕಂಡಿದೆ. ದಿನಾಂಕವನ್ನು ಪಕ್ಕದ ಕರಿಹಲಗೆಯಲ್ಲಿ ಸೀಮೆಸುಣ್ಣದಿಂದ ನಾನೇ ಬರೆಯುತ್ತೇನೆ. ಪ್ರಾಯೋಜಕರು ತಮ್ಮ ಫ್ಲೆಕ್ಸ್ ಹಿಡಿದುಕೊಂಡು ಬಂದರೆ, ಅವರ ಹೆಸರನ್ನು ನಿರೂಪಕರು ಎರಡು ಸಲ ಹೇಳುತ್ತಾರೆ ಎಂದು ಸಮಾಧಾನಪಡಿಸಿ.

ಸ್ಮರಣಿಕೆ ಎಂಬ ಗಾಜಿನ ಪೆಟ್ಟಿಗೆಯಲ್ಲಿಟ್ಟ ಚಿನ್ನದ ಬಣ್ಣದ ವೀಣೆಯನ್ನು ದಯವಿಟ್ಟು ನಿಲ್ಲಿಸಿ. ಕಲಾವಿದರ ಮನೆಯ ಅಟ್ಟದಲ್ಲಿ ಅಂಥ ನಲವತ್ತು ವೀಣೆಗಳಿರುತ್ತವೆ, ಒಂದರಲ್ಲೂ ಸ್ವರ ಬರುವುದಿಲ್ಲ. ನಾವು ಕಲಾವಿದೆಯರಿಗೆ ಕಾಸರಗೋಡು ಕೈಮಗ್ಗದ ಸೀರೆ ಕೊಡುತ್ತೇವೆ, ಭೌಗೋಳಿಕ ಸೂಚ್ಯಂಕ ಪಡೆದ ನಮ್ಮದೇ ಸೀರೆ; ಗಂಡಸರಿಗೆ ಕೈಮಗ್ಗದ ಪಂಚೆ. ಮರುವರ್ಷ ಒಬ್ಬರು ಅದನ್ನೇ ಉಟ್ಟು ಹಾಡಲು ಬಂದಿದ್ದರು.

ಆ ಒಂದು ಗೋಣಿ

ಕೇರಳದಲ್ಲಿ ಈಗ ನೂರಕ್ಕಿಂತ ಹೆಚ್ಚು ಜನ ಸೇರುವ ಕಾರ್ಯಕ್ರಮವಿದ್ದರೆ ಮೂರು ದಿನ ಮೊದಲೇ ಸ್ಥಳೀಯಾಡಳಿತಕ್ಕೆ ತಿಳಿಸಬೇಕು. ಇದನ್ನು ತೊಂದರೆ ಎಂದು ಭಾವಿಸಬೇಡಿ. ಮನೆಮನೆಯ ಒಣಕಸ ಒಯ್ಯುವ ಹರಿತ ಕರ್ಮಸೇನೆಯ ಹೆಂಗಸರನ್ನು ಉತ್ಸವ ಮುಗಿದ ಮೇಲಲ್ಲ, ಮೊದಲೇ ಕರೆಸಿ ಚಹಾ ಕೊಟ್ಟು ಕೇಳಿ: ಏನನ್ನು ಒಯ್ಯುತ್ತೀರಿ, ಏನನ್ನು ಒಯ್ಯುವುದಿಲ್ಲ? ತೊಳೆದು ಒಣಗಿಸಿದ್ದನ್ನು ಒಯ್ಯುತ್ತಾರೆ, ಅಂಟು ಅಂಟಾದದ್ದನ್ನು ಒಯ್ಯುವುದಿಲ್ಲ. ಹಾಲಿನ ಪ್ಯಾಕೆಟ್ಟಿನ ಮೂಲೆಯನ್ನು ಪೂರ್ತಿ ಕತ್ತರಿಸಬಾರದು ಎಂದು ನನಗೆ ಕಲಿಸಿದವರು ಅವರೇ. ಉಗುರಿನಷ್ಟು ಚೂರು ಬೇರೆಯಾದರೆ ಅದು ಯಾರ ಕೈಗೂ ಸಿಗದೆ ಮಣ್ಣಿಗೆ ಸೇರುತ್ತದೆ. ಈಗ ನಮ್ಮ ಅಡುಗೆ ಮನೆಯಲ್ಲಿ ಪ್ಯಾಕೆಟ್ಟಿಗೆ ಸೀಳು ಮಾತ್ರ. ಸಂಜೆ ಹಗ್ಗದ ಮೇಲೆ ಒಗೆದ ಬಟ್ಟೆಯಂತೆ ಪ್ಯಾಕೆಟ್ಟುಗಳು ಸಾಲಾಗಿ ಒಣಗುತ್ತವೆ.

ತೊಟ್ಟಿಗಳನ್ನು ಅಲ್ಲಲ್ಲಿ ಚೆಲ್ಲಾಪಿಲ್ಲಿ ಇಡಬೇಡಿ. ಕಾವಲಿಲ್ಲದ ತೊಟ್ಟಿ ಅರ್ಧ ತಾಸಿನಲ್ಲಿ ಕಲಬೆರಕೆಯಾಗುತ್ತದೆ. ಎರಡೇ ಜಾಗ, ಪ್ರತಿ ಜಾಗದಲ್ಲಿ ಎರಡು ತೊಟ್ಟಿ, ಊಟದ ಹೊತ್ತಿಗೆ ಪಕ್ಕದಲ್ಲಿ ಒಬ್ಬ ಮನುಷ್ಯ. ‘ಇಲ್ಲಿ ಕಸ ಎಸೆಯಬೇಡಿ’ ಎಂಬ ಫಲಕ ಕೆಲಸ ಮಾಡುವುದಿಲ್ಲ, ಜನ ಅದರ ಬುಡಕ್ಕೇ ಎಸೆಯುತ್ತಾರೆ. ‘ತೊಟ್ಟಿ 20 ಹೆಜ್ಜೆ’ ಎಂದು ಬಾಣದ ಗುರುತು ಹಾಕಿ. ಹೆಜ್ಜೆ ಎಣಿಸುತ್ತ ಹೋಗುವ ಮಕ್ಕಳನ್ನು ಕಂಡಿದ್ದೇನೆ. ಗೇಟಿನ ಹೊರಗೆ ಐಸ್‌ಕ್ರೀಮ್, ಚರುಮುರಿ ಮಾರುವವರಿಂದ 300 ರೂಪಾಯಿ ಠೇವಣಿ ತೆಗೆದುಕೊಂಡು, ತಮ್ಮ ಸುತ್ತ ಗುಡಿಸಿ ಹೋದರೆ ಹಿಂದಿರುಗಿಸಿ. ಇಲ್ಲಿಯವರೆಗೆ ಒಬ್ಬರ ಠೇವಣಿಯೂ ನಮ್ಮಲ್ಲಿ ಉಳಿದಿಲ್ಲ.

ಕೊನೆಯ ದಿನ ವೇದಿಕೆ ಗುಡಿಸುವುದು ನಾನೇ. ಸಿಗುವುದು ಮಲ್ಲಿಗೆಯ ಎಸಳು, ಮೃದಂಗದವರು ಎಡಮುಖದಿಂದ ಕೆರೆದು ತೆಗೆದ ರವೆಯ ಉಂಡೆ, ಅದಕ್ಕೆ ಆಗಲೇ ಸಾಲುಗಟ್ಟಿದ ಇರುವೆ. ಆ ಉಂಡೆಯನ್ನು ನಾನು ಮುಟ್ಟುವುದಿಲ್ಲ.

ಕಳೆದ ವರ್ಷ ಗೋಣಿ ಒಂದೇ, ಅದೂ ಬಾಯಿ ಕಟ್ಟುವಷ್ಟು ತುಂಬಿರಲಿಲ್ಲ. ಕಾರುಗಳು ಮಾತ್ರ ಇನ್ನೂ 41. ಅವುಗಳಲ್ಲಿ ಹೆಚ್ಚಿನವು ಬದಿಯಡ್ಕ, ನೀರ್ಚಾಲು ಕಡೆಯವು. ಬಸ್ಸು ಇಳಿದ ಮೇಲೆ ಶಾಲೆಯವರೆಗಿನ ಎರಡು ಕಿ.ಮೀ. ಏರನ್ನು ವಯಸ್ಸಾದವರು ನಡೆಯಲಾರರು. ಈ ಸಲದ ಸಭೆಯಲ್ಲಿ ಬದಿಯಡ್ಕದಿಂದ ನೇರವಾಗಿ ಚಪ್ಪರದವರೆಗೆ ಬೆಳಿಗ್ಗೆ ಒಂದು, ಸಂಜೆ ಒಂದು ಬಾಡಿಗೆ ಬಸ್ಸು ಓಡಿಸೋಣ ಎಂದೆ. ಖರ್ಚು ಯಾರದು ಎಂದು ಖಜಾಂಚಿ ಕೇಳಿದರು. ಜನರೇಟರಿನಲ್ಲಿ ಉಳಿದ ಡೀಸೆಲಿನ ಹಣ, ಬಾಟಲಿ ಲೋಟಗಳಿಗೆ ಕೊಡದೆ ಉಳಿದ ಹಣ, ಎರಡನ್ನೂ ಕೂಡಿಸಿ ಒಂದು ಹಾಳೆಯಲ್ಲಿ ಬರೆದು ಕೊಟ್ಟಿದ್ದೇನೆ. ಅವರು ಅದನ್ನು ಮಡಚಿ ಅಂಗಿಯ ಜೇಬಿಗೆ ಹಾಕಿಕೊಂಡಿದ್ದಾರೆ. ಮುಂದಿನ ಸಭೆ ಭಾನುವಾರ.